ಒತ್ತಿದ್ದು ಈಗ, ಫೋಟೋ ಬಂದಿದ್ದು ಆಮೇಲೆ: ಶಟರ್ ಲ್ಯಾಗ್‌ಗೆ ಯಾವ ದಾರಿ ಹಿಡಿಯಬೇಕು?

ಮಗು ಮೇಣದಬತ್ತಿ ಊದುವಾಗ ಬಟನ್ ಒತ್ತಿದರೆ ಬರೀ ಹೊಗೆಯ ಫೋಟೋ ಬರುತ್ತದೆ. ಮಿಂಚುಳ್ಳಿ ಕೊಂಬೆ ಬಿಟ್ಟು ಹಾರಿದಾಗ ಒತ್ತಿದರೆ ಖಾಲಿ ಕೊಂಬೆ. ಬಟನ್ ಒತ್ತುವುದಕ್ಕೂ ಫೋಟೋ ಬೀಳುವುದಕ್ಕೂ ನಡುವಿನ ಈ ತಡವೇ ಶಟರ್ ಲ್ಯಾಗ್. ಕ್ಯಾಮೆರಾ ಇರುವವರಲ್ಲಿ ಬಹಳ ಜನ ಇದರ ಬಗ್ಗೆ ಕೇಳುತ್ತಾರೆ. ಇರುವ ಕ್ಯಾಮೆರಾವನ್ನೇ ಸರಿ ಮಾಡಿಕೊಳ್ಳಬಹುದಾ? ಫೋನ್ ಸಾಕಾ? ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ) ತಗೊಳ್ಳಲಾ, ಇಲ್ಲ ಜಾಸ್ತಿ ದುಡ್ಡು ಹಾಕಿ ಆ ಕನ್ನಡಿಯೇ ಇಲ್ಲದ ಮಿರರ್‌ಲೆಸ್‌ಗೇ ಹೋಗಲಾ? ಈಗ ಕಾಲೇಜು ಹುಡುಗ ಹುಡುಗಿಯರಲ್ಲಿ ಇಪ್ಪತ್ತು ವರ್ಷ ಹಳೆಯ ಡಿಜಿಕ್ಯಾಮ್‌ಗಳ, ಅಂದರೆ ಪುಟ್ಟ ಕಾಂಪ್ಯಾಕ್ಟ್ ಡಿಜಿಟಲ್ ಕ್ಯಾಮೆರಾಗಳ ಹುಚ್ಚು ಮತ್ತೆ ಹತ್ತಿದೆ. ಆ ಕ್ಯಾಮೆರಾಗಳ ಜೊತೆ ಈ ಹಳೆಯ ತೊಂದರೆಯೂ ಮನೆಗೆ ಬಂದಿದೆ.

ದುಡ್ಡು ಖರ್ಚು ಮಾಡುವ ಮೊದಲು ತಡ ಎಲ್ಲಿ ಆಗುತ್ತಿದೆ ಎಂದು ನೋಡಿಕೊಳ್ಳಬೇಕು. ಇದನ್ನು ಬಿಟ್ಟು ಅಂಗಡಿಗೆ ಹೋದವರು ಹೊಸ ಕ್ಯಾಮೆರಾದಲ್ಲೂ ಅದೇ ಖಾಲಿ ಕೊಂಬೆ ತೆಗೆಯುತ್ತಾರೆ.

ತಡ ಎಲ್ಲೆಲ್ಲಿ ಆಗುತ್ತದೆ

ಮೊದಲನೆಯದು ಫೋಕಸ್. ಹಳೆಯ ಕಾಂಪ್ಯಾಕ್ಟ್ ಕ್ಯಾಮೆರಾಗಳು ಚಿತ್ರದ ಕಾಂಟ್ರಾಸ್ಟ್ (ಬೆಳಕು ನೆರಳಿನ ವ್ಯತ್ಯಾಸ) ನೋಡಿ ಫೋಕಸ್ ಮಾಡುತ್ತವೆ. ಹಳೇ ರೇಡಿಯೋದಲ್ಲಿ ಸ್ಟೇಷನ್ ಹುಡುಕುವಾಗ ತಿರುಗಣೆಯನ್ನು ಸ್ವಲ್ಪ ಮುಂದೆ ತಿರುಗಿಸಿ, ದಾಟಿ ಹೋಯಿತು ಎಂದು ಮತ್ತೆ ಹಿಂದೆ ತರುತ್ತೇವಲ್ಲ, ಲೆನ್ಸ್ ಕೂಡ ಹಾಗೇ ಮಾಡುತ್ತದೆ. ಇದಕ್ಕೇ ಅರ್ಧ ಸೆಕೆಂಡು ಹೋಗುತ್ತದೆ. ಬೆಳಕು ಕಡಿಮೆಯಿದ್ದರೆ ಇನ್ನೂ ಜಾಸ್ತಿ.

ಎರಡನೆಯದು ಕ್ಯಾಮೆರಾದ ಒಳಗಿನ ಕೆಲಸ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲೇಳಬೇಕು. ಮಿರರ್‌ಲೆಸ್‌ನಲ್ಲಿ ತೆರೆದೇ ಇರುವ ಶಟರ್ (ಬೆಳಕನ್ನು ಒಳಗೆ ಬಿಡುವ ಬಾಗಿಲು) ಮೊದಲು ಮುಚ್ಚಿ ಮತ್ತೆ ತೆರೆಯಬೇಕು. ಇದು ಸಣ್ಣ ತಡ. ಫೋಕಸ್ ಆಗಿ ಸಿದ್ಧವಿರುವ ಡಿಎಸ್‌ಎಲ್‌ಆರ್‌ನಲ್ಲಿ ಸುಮಾರು 0.05ರಿಂದ 0.1 ಸೆಕೆಂಡು.

ಮೂರನೆಯದು ಫ್ಲ್ಯಾಶ್. ಕಣ್ಣು ಕೆಂಪಾಗದಂತೆ ತಡೆಯುವ ರೆಡ್ ಐ ಮೋಡ್ ಆನ್ ಇದ್ದರೆ ಕ್ಯಾಮೆರಾ ಮೊದಲು ದೀಪ ಮಿನುಗಿಸಿ, ಕಣ್ಣಿನ ಪಾಪೆ ಚಿಕ್ಕದಾಗಲು ಕಾದು, ಆಮೇಲೆ ಫೋಟೋ ತೆಗೆಯುತ್ತದೆ. ಅಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆದಿರುತ್ತದೆ. ಮಗು ಮುಖ ತಿರುಗಿಸಲು ಅಷ್ಟು ಸಾಕು.

ನಾಲ್ಕನೆಯದು ನಾವೇ. ಕಣ್ಣು ಕಂಡಿದ್ದಕ್ಕೆ ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಆಗಿರುತ್ತದೆ. ಎಷ್ಟು ದುಡ್ಡು ಕೊಟ್ಟರೂ ನಮ್ಮ ಬೆರಳು ಇದಕ್ಕಿಂತ ಬಹಳ ಬೇಗ ಓಡುವುದಿಲ್ಲ.

ಈ ಅಂಕಿಗಳ ಅರ್ಥ ಕಂಬಳದಲ್ಲಿ ಚೆನ್ನಾಗಿ ಕಾಣುತ್ತದೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಉದ್ದದ ಕರೆಯನ್ನು (ಕೋಣಗಳು ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಅಂದರೆ ಸೆಕೆಂಡಿಗೆ 10 ಮೀಟರಿಗಿಂತ ಸ್ವಲ್ಪ ಜಾಸ್ತಿ. ಅರ್ಧ ಸೆಕೆಂಡು ತಡವಾದರೆ ಕೋಣಗಳು 5 ಮೀಟರ್ ಮುಂದೆ ಹೋಗಿರುತ್ತವೆ, ಫೋಟೋದಲ್ಲಿ ಕೆಸರು ನೀರು ಮಾತ್ರ. ಬೆರಳಿನ 0.2 ಸೆಕೆಂಡಿಗೇ 2 ಮೀಟರ್. ಕ್ಯಾಮೆರಾದ ಒಳಗಿನ 0.07 ಸೆಕೆಂಡಿಗೆ ಸುಮಾರು 70 ಸೆಂಟಿಮೀಟರ್. ಫ್ಲ್ಯಾಶ್ ಆಫ್ ಇದ್ದರೆ ದೊಡ್ಡ ಶತ್ರು ಫೋಕಸ್, ಅದರ ನಂತರ ನಮ್ಮ ಬೆರಳು. ಒಳಗಿನ ತಡ ಎಲ್ಲಕ್ಕಿಂತ ಚಿಕ್ಕದು. ಆದರೆ ಜನ ದುಡ್ಡು ಸುರಿಯುವುದು ಹೆಚ್ಚಾಗಿ ಅದಕ್ಕೇ.

ನಿಮ್ಮ ಕ್ಯಾಮೆರಾದ ತಡವನ್ನು ಮನೆಯಲ್ಲೇ ಅಳೆಯಬಹುದು. ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ, ಅದರ ಮುಂದೆ ಕ್ಯಾಮೆರಾ ಹಿಡಿಯಿರಿ. ಅಂಕಿ ಸರಿಯಾಗಿ 5.00 ತಲುಪುವಾಗ ಬಟನ್ ಪೂರ್ತಿ ಒತ್ತಿ. ಅಂಕಿ ಬರುವುದು ಮೊದಲೇ ಗೊತ್ತಿರುವುದರಿಂದ ಬೆರಳಿನ ತಡ ಇಲ್ಲಿ ಅಷ್ಟಾಗಿ ಸೇರುವುದಿಲ್ಲ. ಫೋಟೋದಲ್ಲಿ 5.60 ಬಂದರೆ ಒಟ್ಟು ತಡ 0.6 ಸೆಕೆಂಡು. ಈಗ ಬಟನ್ ಅರ್ಧ ಒತ್ತಿ ಫೋಕಸ್ ಮಾಡಿಟ್ಟುಕೊಂಡು ಮತ್ತೆ ಹಾಗೇ ತೆಗೆಯಿರಿ. 5.10 ಬಂತಾ? ಹಾಗಾದರೆ ಮಿಕ್ಕ ಅರ್ಧ ಸೆಕೆಂಡೂ ಫೋಕಸ್‌ನದು. ಎರಡನ್ನೂ ನಾಲ್ಕೈದು ಸಲ ಮಾಡಿ ಸರಾಸರಿ ನೋಡಿದರೆ ಒಳ್ಳೆಯದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಮೊದಲ ಫೋಟೋ ಸರಿಯಾಗಿ ಬಂದು, ಎರಡನೆಯದು ತೆಗೆಯಲು ಕ್ಯಾಮೆರಾ ಬಿಡದಿದ್ದರೆ ಅದು ಶಟರ್ ಲ್ಯಾಗ್ ಅಲ್ಲ. ಕಾರ್ಡ್ ನಿಧಾನ, ಇಲ್ಲವೇ ಫ್ಲ್ಯಾಶ್ ಚಾರ್ಜ್ ಆಗುತ್ತಿದೆ. ಹೊಸ ಕಾರ್ಡ್‌ನಿಂದ ಮುಗಿಯುವ ತೊಂದರೆಗೆ ಹೊಸ ಕ್ಯಾಮೆರಾ ಬೇಡ.

ಯಾವುದರ ಮೇಲೆ ತೂಗಬೇಕು

ನಾನು ಮೊದಲು ನೋಡುವುದು ಕ್ಷಣ ಬರುವುದು ಮುಂಚೆ ಗೊತ್ತಾಗುತ್ತದಾ ಎಂದು. ಮೇಣದಬತ್ತಿ ಊದುವುದು, ತಾಳಿ ಕಟ್ಟುವುದು, ಕಂಬಳದ ಓಟ, ಇವೆಲ್ಲ ಮುಂಚೆ ಗೊತ್ತಾಗುತ್ತವೆ. ಮಗುವಿನ ನಗು, ಹಕ್ಕಿ ಹಾರುವುದು ಗೊತ್ತಾಗುವುದಿಲ್ಲ. ಎರಡನೆಯದು ಬೆಳಕು. ಮೂರನೆಯದು ದೂರ, ಅಂದರೆ ಜೂಮ್ ಎಷ್ಟು ಬೇಕು. ಆಮೇಲೆ ಫೋಟೋ ಎಷ್ಟು ದೊಡ್ಡದಾಗಿ ಬೇಕು, ನೂರಾರು ಫೋಟೋ ಕೂತು ಆರಿಸುವ ತಾಳ್ಮೆ ಇದೆಯಾ, ಕೈಯಲ್ಲಿ ಎಷ್ಟು ದುಡ್ಡಿದೆ. ದುಡ್ಡನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ಎಷ್ಟೋ ಸಲ ಖರ್ಚೇ ಬೇಕಾಗುವುದಿಲ್ಲ.

ಇರುವ ಕಾಂಪ್ಯಾಕ್ಟ್‌ನಲ್ಲೇ ನಡೆಸುವುದು

ಕ್ಷಣ ಮುಂಚೆ ಗೊತ್ತಾಗುವಂಥದ್ದಾದರೆ ಇದೇ ನನ್ನ ಮೊದಲ ಸಲಹೆ. ಬಟನ್ ಅರ್ಧ ಒತ್ತಿ, ಫೋಕಸ್ ಆದ ಹಸಿರು ಗುರುತು ಬಂದ ಮೇಲೆ ಬೆರಳು ಎತ್ತದೆ ಹಾಗೇ ಕಾಯಿರಿ. ಕ್ಷಣ ಬಂದಾಗ ಪೂರ್ತಿ ಒತ್ತಿ. ಮಗು ಕೇಕಿನ ಮುಂದೆಯೇ ಇರುತ್ತದೆ, ದೂರ ಬದಲಾಗುವುದಿಲ್ಲ. ಹಾಗಾಗಿ ಫೋಕಸ್ ಮೊದಲೇ ಮಾಡಿಟ್ಟುಕೊಂಡರೆ ತೊಂದರೆಯಿಲ್ಲ.

ಆಟವಾಡುವ ಮಕ್ಕಳಿಗೆ ಬೇರೆ ಉಪಾಯ ಇದೆ. ಕಾಂಪ್ಯಾಕ್ಟ್ ಕ್ಯಾಮೆರಾದ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಚಿಕ್ಕದು, ಲೆನ್ಸ್ ಕೂಡ ಗಿಡ್ಡ. ಇದರಿಂದ ಒಂದು ದೊಡ್ಡ ಲಾಭವಿದೆ. ಜೂಮ್ ಮಾಡದೆ, ಸುಮಾರು 3 ಮೀಟರಿಗೆ ಫೋಕಸ್ ಇಟ್ಟರೆ ಒಂದೂವರೆ ಮೀಟರಿನಿಂದ ಕಣ್ಣು ಹಾಯುವಷ್ಟು ದೂರದ ತನಕ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿ ಬರುತ್ತದೆ. ಮ್ಯಾನುಯಲ್ ಫೋಕಸ್ ಇರುವ ಮಾದರಿಯಾದರೆ ಹಾಗೆ ಇಟ್ಟುಬಿಡಿ. ಕ್ಯಾಮೆರಾ ಫೋಕಸ್ ಹುಡುಕುವ ಗೋಜಿಗೇ ಹೋಗುವುದಿಲ್ಲ. ಮ್ಯಾನುಯಲ್ ಫೋಕಸ್ ಇಲ್ಲದಿದ್ದರೆ ಬೆಟ್ಟದ ಚಿತ್ರವಿರುವ ಮೋಡ್ ಇರುತ್ತದೆ. ಅದು ದೂರಕ್ಕೆ ಫೋಕಸ್ ಇಟ್ಟುಬಿಡುತ್ತದೆ. ಜಾತ್ರೆ, ರಥೋತ್ಸವ, ಮೈದಾನದ ಆಟಕ್ಕೆ ಸಾಕು.

ಜೊತೆಗೆ ಫ್ಲ್ಯಾಶ್ ಆಫ್ ಮಾಡಿ. ಫ್ಲ್ಯಾಶ್ ಬೇಕೇ ಬೇಕೆಂದರೆ ರೆಡ್ ಐ ಒಂದನ್ನಾದರೂ ಆಫ್ ಮಾಡಿ. ತೆಗೆದ ಫೋಟೋ ಪರದೆಯ ಮೇಲೆ ತೋರಿಸುವುದನ್ನೂ ನಿಲ್ಲಿಸಿ. ಕ್ಯಾಮೆರಾ ನಿದ್ದೆಗೆ ಜಾರದಂತೆ ಆಗಾಗ ಬಟನ್ ಅರ್ಧ ಒತ್ತುತ್ತಿರಿ.

ಈ ದಾರಿಯ ಮಿತಿ ಎಲ್ಲಿ? ಜೂಮ್ ಹಾಕಿದ ಕೂಡಲೇ ಮೇಲಿನ 3 ಮೀಟರಿನ ಉಪಾಯ ಕೆಲಸ ಮಾಡುವುದಿಲ್ಲ. ಮಂದ ಬೆಳಕಿನಲ್ಲಿ ಓಡಾಡುವವರನ್ನು ತೆಗೆದರೆ ಫೋಟೋ ಮಸುಕಾಗುತ್ತದೆ. ಹಕ್ಕಿಗಂತೂ ಇದು ಆಗುವುದಿಲ್ಲ.

ಫೋನ್

ಬೆಳಕಿದ್ದಾಗ ಒಳ್ಳೆಯ ಫೋನಿನಲ್ಲಿ ತಡ ಬಹುತೇಕ ಇರುವುದೇ ಇಲ್ಲ. ಕ್ಯಾಮೆರಾ ಆ್ಯಪ್ ತೆರೆದ ಕ್ಷಣದಿಂದಲೇ ಫೋನು ಒಂದರ ಹಿಂದೆ ಒಂದು ಫ್ರೇಮ್ ತೆಗೆದು ನೆನಪಿನಲ್ಲಿ ಇಟ್ಟುಕೊಳ್ಳುತ್ತಿರುತ್ತದೆ, ಹಳೆಯದನ್ನು ಎಸೆಯುತ್ತಿರುತ್ತದೆ. ನೀವು ಒತ್ತಿದಾಗ ಆಗಲೇ ತೆಗೆದಿಟ್ಟ ಫ್ರೇಮ್ ಎತ್ತಿಕೊಡುತ್ತದೆ. ಐಫೋನಿನ ಲೈವ್ ಫೋಟೋ ಒತ್ತುವುದಕ್ಕೆ ಒಂದೂವರೆ ಸೆಕೆಂಡು ಮುಂಚಿನಿಂದ ಒಂದೂವರೆ ಸೆಕೆಂಡು ನಂತರದ ತನಕ ಉಳಿಸುತ್ತದೆ. ಆಮೇಲೆ ಎಡಿಟ್‌ಗೆ ಹೋಗಿ ಮಗು ನಕ್ಕ ಫ್ರೇಮನ್ನೇ ಮುಖ್ಯ ಫೋಟೋ ಮಾಡಬಹುದು. ಹಾಗೆ ಆರಿಸಿದ ಫ್ರೇಮ್‌ನ ಗುಣಮಟ್ಟ ಮೂಲ ಫೋಟೋಗಿಂತ ಸ್ವಲ್ಪ ಕಡಿಮೆ ಇರುತ್ತದೆ, ಆದರೆ ವಾಟ್ಸ್ಆ್ಯಪ್‌ಗೂ ಚಿಕ್ಕ ಪ್ರಿಂಟ್‌ಗೂ ಸಾಕು. ಗೂಗಲ್ ಪಿಕ್ಸೆಲ್‌ನಲ್ಲಿ 2018ರಿಂದ ಟಾಪ್ ಶಾಟ್ ಎಂಬ ಹೆಸರಿನಲ್ಲಿ ಇಂಥದ್ದೇ ಸೌಲಭ್ಯ ಬಂದಿದೆ.

ಅಂದರೆ ನಾಲ್ಕನೇ ತಡವನ್ನೂ, ನಮ್ಮ ಬೆರಳಿನದನ್ನೂ, ಫೋನು ಸರಿಮಾಡುತ್ತದೆ. ಮನೆಯೊಳಗಿನ ಮಕ್ಕಳ ಫೋಟೋಗೆ ಇಷ್ಟು ಅಗ್ಗವಾದ ಪರಿಹಾರ ಇನ್ನೊಂದಿಲ್ಲ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ರಾತ್ರಿಯಾದರೆ ಲೆಕ್ಕ ತಲೆಕೆಳಗಾಗುತ್ತದೆ. ನೈಟ್ ಮೋಡ್ ಬಟನ್ ಒತ್ತಿದ ಮೇಲಷ್ಟೇ ಫ್ರೇಮ್‌ಗಳನ್ನು ಕೂಡಿಸಲು ಶುರು ಮಾಡುತ್ತದೆ, ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಓಡಾಡುವ ಮಗುವಿಗೆ ನೈಟ್ ಮೋಡ್ ಆಫ್ ಮಾಡಿ, ಮನೆಯ ದೀಪವನ್ನೆಲ್ಲ ಹಾಕಿಕೊಳ್ಳುವುದು ಮೇಲು. ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಕೆಲವು ಫೋನುಗಳಲ್ಲಿ ಫೋಟೋ ಬೀಳುವುದು ಬೆರಳು ಪರದೆ ಮುಟ್ಟಿದಾಗಲ್ಲ, ಎತ್ತಿದಾಗ. ಸ್ಯಾಮ್‌ಸಂಗ್ ಫೋನಿನ ಕೆಲವು ಮಾದರಿಯವರು ಕ್ಯಾಮೆರಾ ಅಸಿಸ್ಟೆಂಟ್ ಆ್ಯಪ್ ಹಾಕಿಕೊಂಡರೆ ಅದರಲ್ಲಿ ಕ್ವಿಕ್ ಟ್ಯಾಪ್ ಶಟರ್ ಎಂಬ ಆಯ್ಕೆ ಸಿಗುತ್ತದೆ. ಮುಟ್ಟಿದ ಕೂಡಲೇ ಫೋಟೋ ಬೀಳುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಕ್ಯಾಮೆರಾ ಭಾಗದಲ್ಲಿ ಬೇಗ ಬೇಗ ತೆಗೆಯುವುದಕ್ಕೆ ಆದ್ಯತೆ ಕೊಡುವ ಸ್ವಿಚ್ ಇದೆ.

ದೂರದ ವಿಷಯಕ್ಕೆ ಬಂದರೆ ಫೋನು ಸೋಲುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಕೂತು ಬಂಡೆಯ ಮೇಲಿನ ಹಕ್ಕಿಯನ್ನು ಫೋನಿನಲ್ಲಿ ತೆಗೆದರೆ ಹಕ್ಕಿ ಚುಕ್ಕೆಯಾಗಿ ಉಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್

ಕ್ಯಾನನ್, ನಿಕಾನ್ ಎರಡೂ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಜನ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಮಾರ್ಕೆಟ್‌ಗೆ ಬರುತ್ತಿವೆ. ಕಡಿಮೆ ದುಡ್ಡಿನಲ್ಲಿ ಓಟ, ಆಟ, ಕಂಬಳ ತೆಗೆಯಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಕಾರಣ ಎರಡು. ಡಿಎಸ್‌ಎಲ್‌ಆರ್‌ನ ಫೇಸ್ ಡಿಟೆಕ್ಟ್ (phase detect, ಮುಖ ಗುರುತಿಸುವುದಲ್ಲ) ಫೋಕಸ್‌ಗೆ ಲೆನ್ಸನ್ನು ಯಾವ ಕಡೆ, ಎಷ್ಟು ತಿರುಗಿಸಬೇಕು ಎಂದು ಮೊದಲೇ ಗೊತ್ತಾಗುತ್ತದೆ. ಹಿಂದೆ ಮುಂದೆ ಹುಡುಕಾಟ ಇಲ್ಲ. ಇನ್ನೊಂದು, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕಾಣುವುದು ಕನ್ನಡಿಯಿಂದ ನೇರವಾಗಿ ಬರುವ ಬೆಳಕು, ಅದರಲ್ಲಿ ತಡವೇ ಇಲ್ಲ. ಮನೆ ಮಕ್ಕಳಿಗೆ ನಿಕಾನ್ ಡಿ3500 ಥರದ್ದು ಸಾಕು. ಸೆಕೆಂಡಿಗೆ 5 ಫೋಟೋ ತೆಗೆಯುತ್ತದೆ. ಆದರೆ ಅದರ ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಇರುವ ಲೆನ್ಸನ್ನೇ ಕೊಳ್ಳಬೇಕು, ಹಳೇ ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಆಟೋ ಫೋಕಸ್ ಆಗುವುದಿಲ್ಲ. ಕಂಬಳ, ಹಕ್ಕಿ ಎನ್ನುವವರು ನಿಕಾನ್ ಡಿ500 ಅಥವಾ ಕ್ಯಾನನ್ 7ಡಿ ಮಾರ್ಕ್ 2 ಹುಡುಕಿ. ಎರಡೂ ಸೆಕೆಂಡಿಗೆ 10 ಫೋಟೋ ತೆಗೆಯುತ್ತವೆ, ಓಡುವುದನ್ನು ಬೆನ್ನಟ್ಟುವ ಫೋಕಸ್ ಎರಡರಲ್ಲೂ ಗಟ್ಟಿ.

ಕೊಂಡ ಮೇಲೆ ಮೂರು ವಿಷಯ ನೆನಪಿರಲಿ. ಹಿಂದಿನ ಪರದೆ ನೋಡಿಕೊಂಡು ತೆಗೆಯಬೇಡಿ. ಬಹಳಷ್ಟು ಡಿಎಸ್‌ಎಲ್‌ಆರ್‌ಗಳು ಲೈವ್ ವ್ಯೂನಲ್ಲಿ ಮತ್ತೆ ಆ ಹಳೇ ಕಾಂಟ್ರಾಸ್ಟ್ ಫೋಕಸ್‌ಗೇ ಇಳಿಯುತ್ತವೆ. ಸೆನ್ಸರ್‌ನಲ್ಲೇ ಫೇಸ್ ಡಿಟೆಕ್ಟ್ ಮಾಡುವ ಕ್ಯಾನನ್‌ನ ಡ್ಯುಯಲ್ ಪಿಕ್ಸೆಲ್ ಇರುವ 70ಡಿ, 200ಡಿಯಂಥವು ಮಾತ್ರ ಪರವಾಗಿಲ್ಲ. ಚಲಿಸುವ ವಸ್ತುವಿಗೆ ಫೋಕಸ್ ಮೋಡನ್ನು ಕಂಟಿನ್ಯುಯಸ್‌ಗೆ ಹಾಕಿ. ಸಿಂಗಲ್ ಮೋಡ್‌ನಲ್ಲಿ ಫೋಕಸ್ ಪಕ್ಕಾ ಆಗುವ ತನಕ ಕ್ಯಾಮೆರಾ ಕ್ಲಿಕ್ಕನ್ನೇ ತಡೆಹಿಡಿಯುತ್ತದೆ. ಇದನ್ನೇ ಎಷ್ಟೋ ಜನ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಮೂರನೆಯದು, ಫೋಕಸನ್ನು ಹಿಂಬದಿಯ ಬಟನ್‌ಗೆ ಕೊಟ್ಟುಬಿಡಿ. ಆಗ ಶಟರ್ ಬಟನ್‌ಗೆ ಫೋಟೋ ತೆಗೆಯುವ ಕೆಲಸ ಬಿಟ್ಟರೆ ಬೇರೇನೂ ಇರುವುದಿಲ್ಲ. ಕರೆಯ ಕೊನೆಯ ಜಾಗಕ್ಕೆ ಮೊದಲೇ ಫೋಕಸ್ ಇಟ್ಟು, ಕೋಣಗಳು ಅಲ್ಲಿಗೆ ತಲುಪುವ ಕೊಂಚ ಮುಂಚೆ ಒತ್ತಲು ಶುರು ಮಾಡಿ. ಕನೆಹಲಗೆಯಲ್ಲಿ (ಹಲಗೆಯ ಮೇಲೆ ನಿಂತು ಕೋಣ ಓಡಿಸಿ ನೀರು ಚಿಮ್ಮಿಸುವ ವಿಭಾಗ) ನೀರು ನಿಶಾನೆಯ, ಅಂದರೆ ಮೇಲೆ ಕಟ್ಟಿದ ಗುರುತಿನ ಎತ್ತರಕ್ಕೆ ಚಿಮ್ಮುವ ಕ್ಷಣವೂ ಹೀಗೇ ಸಿಗುತ್ತದೆ, ಯಾಕೆಂದರೆ ನಿಶಾನೆ ಎಲ್ಲಿದೆ ಎಂದು ಮೊದಲೇ ಕಾಣುತ್ತಿರುತ್ತದಲ್ಲ.

ತೂಕ ಜಾಸ್ತಿ. ಸದ್ದೂ ಜಾಸ್ತಿ, ಮದುವೆ ಮನೆಯಲ್ಲಿ ಪರವಾಗಿಲ್ಲ, ಸಂಗೀತ ಕಛೇರಿಯಲ್ಲಿ ಮುಜುಗರ.

ಮಿರರ್‌ಲೆಸ್, ಸಾಮಾನ್ಯ ಮಾದರಿ

ಫೋಕಸ್ ವಿಷಯದಲ್ಲಿ ಇವು ಡಿಎಸ್‌ಎಲ್‌ಆರ್‌ಗಳನ್ನು ಹಿಂದೆ ಹಾಕಿವೆ. 2014ರ ಸೋನಿ ಎ6000 ಸೆಕೆಂಡಿಗೆ 11 ಫೋಟೋ ತೆಗೆಯುತ್ತದೆ, ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. 2019ರ ಎ6400 ಕಣ್ಣನ್ನೇ ಹಿಡಿದು ಬೆನ್ನಟ್ಟುತ್ತದೆ. ಒಂದು ಕಡೆ ನಿಲ್ಲದ ಮಗುವಿಗೆ ಇದು ದೊಡ್ಡ ಅನುಕೂಲ, ನೀವು ನಗುವಿಗೆ ಮಾತ್ರ ಕಾಯಬಹುದು.

ಇದರ ಕಿಂಡಿಯಲ್ಲಿ ಕಾಣುವುದು ಪುಟ್ಟ ಪರದೆ. ಅಗ್ಗದ ಮಾದರಿಗಳಲ್ಲಿ ಅದು ನಿಜಕ್ಕಿಂತ ಒಂದು ಗಳಿಗೆ ಹಿಂದೆ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಎಲೆಕ್ಟ್ರಾನಿಕ್ ಫ್ರಂಟ್ ಕರ್ಟನ್ ಆನ್ ಇಡಿ. ಶಟರ್ ಮೊದಲು ಮುಚ್ಚಿಕೊಳ್ಳುವ ಕೆಲಸ ತಪ್ಪುತ್ತದೆ, ಒಳಗಿನ ತಡ ಇಳಿಯುತ್ತದೆ.

ಯಕ್ಷಗಾನ ತೆಗೆಯುವವರಿಗೆ ಈ ಗುಂಪನ್ನೇ ಹೇಳುತ್ತೇನೆ. ಮಂದ ಬೆಳಕಿನಲ್ಲೂ ಫೋಕಸ್ ಹಿಡಿಯುತ್ತದೆ, 50 ಎಂಎಂ ಎಫ್ 1.8 ಥರದ ಅಗ್ಗದ ಲೆನ್ಸ್ ಹಾಕಿದರೆ ಫ್ಲ್ಯಾಶ್ ಬೇಕಾಗುವುದಿಲ್ಲ. ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಮಾತ್ರ ರಂಗಸ್ಥಳದಲ್ಲಿ ಬೇಡ. ಎಲ್‌ಇಡಿ ದೀಪಗಳ ಕೆಳಗೆ ಅದರಿಂದ ಪಟ್ಟೆ ಪಟ್ಟೆ ಬೀಳಬಹುದು. ಇನ್ನು ಧೀಂಗಿಣದ (ವೇಷಧಾರಿ ಹಾರಿ ಸುತ್ತುವ ಕುಣಿತ) ಕ್ಷಣ ಹಿಡಿಯಲು ಕಣ್ಣಿಗಿಂತ ಕಿವಿ ಮುಂದಿರಬೇಕು. ಚೆಂಡೆಯ ಪೆಟ್ಟು ಏರುವಾಗಲೇ ಬೆರಳು ತಯಾರಾಗಬೇಕು. ಕಂಡ ಮೇಲೆ ಒತ್ತಿದರೆ ವೇಷಧಾರಿ ನೆಲಕ್ಕೆ ಬಂದಿರುತ್ತಾರೆ.

ಒತ್ತುವ ಮುಂಚೆಯೇ ತೆಗೆಯುವ ಕ್ಯಾಮೆರಾಗಳು

ಕ್ಷಣ ಮುಂಚೆ ಗೊತ್ತಾಗದು, ವಸ್ತು ದೂರದಲ್ಲಿದೆ, ಫೋಟೋ ದೊಡ್ಡದಾಗಿ ಬೇಕು. ಮೂರೂ ಸೇರಿದರೆ ಉಳಿಯುವುದು ಇದೊಂದೇ. ಫೋನು ಮಾಡುವ ಕೆಲಸವನ್ನೇ ಇವು ಉದ್ದ ಲೆನ್ಸಿನ ಜೊತೆ ಮಾಡುತ್ತವೆ. ಹೆಚ್ಚಿನವುಗಳಲ್ಲಿ ಬಟನ್ ಅರ್ಧ ಒತ್ತಿ ಹಿಡಿದಿದ್ದರೆ ಫ್ರೇಮ್‌ಗಳು ತುಂಬಿಕೊಳ್ಳುತ್ತಿರುತ್ತವೆ, ಪೂರ್ತಿ ಒತ್ತಿದಾಗ ಹಿಂದಿನವೂ ಕಾರ್ಡಿಗೆ ಹೋಗುತ್ತವೆ. ಮಿಂಚುಳ್ಳಿ ಹಾರಿದ್ದು ಕಂಡ ಮೇಲೆ ಒತ್ತಿದರೂ ರೆಕ್ಕೆ ಬಿಚ್ಚಿದ ಕ್ಷಣ ಒಳಗೆ ಇರುತ್ತದೆ.

ಇದು ಹೊಸ ಯೋಚನೆಯೇನಲ್ಲ. 2008ರಲ್ಲೇ ಕ್ಯಾಸಿಯೋ ಎಕ್ಸಿಲಿಮ್ ಎಫ್1 ಸೆಕೆಂಡಿಗೆ 60 ಫೋಟೋ ತೆಗೆದು ಒತ್ತುವ ಮುಂಚಿನದನ್ನೂ ಉಳಿಸುತ್ತಿತ್ತು. ಈಗ ಬೆಲೆಯ ಪ್ರಕಾರ ಮೂರು ಮೆಟ್ಟಿಲು ನೋಡಬಹುದು.

ಕೆಳಗಿನ ಮೆಟ್ಟಿಲಲ್ಲಿ ಪ್ಯಾನಸಾನಿಕ್‌ನ 4ಕೆ ಫೋಟೋ ಇರುವ ಕ್ಯಾಮೆರಾಗಳು. ಉದಾಹರಣೆಗೆ 2015ರ ಲ್ಯೂಮಿಕ್ಸ್ ಜಿ7. ಪ್ರೀ ಬರ್ಸ್ಟ್ ಹಾಕಿದರೆ ಒತ್ತುವ ಮುಂಚಿನ ಒಂದು ಸೆಕೆಂಡು, ನಂತರದ ಒಂದು ಸೆಕೆಂಡು, ಸೆಕೆಂಡಿಗೆ 30 ಫ್ರೇಮ್. ಒಂದೊಂದೂ 8 ಮೆಗಾಪಿಕ್ಸೆಲ್. ಎ4 ಅಳತೆಯ ಪ್ರಿಂಟ್‌ಗೆ ಅಷ್ಟು ಸಾಕು. ಫೋಕಸ್ ಮಾತ್ರ ಹೊಸ ಕ್ಯಾಮೆರಾಗಳಷ್ಟು ಚುರುಕಿಲ್ಲ, ಆದ್ದರಿಂದ ಕೂತ ಹಕ್ಕಿಗೆ ಸರಿ, ಹಾರುತ್ತಿರುವುದನ್ನು ಬೆನ್ನಟ್ಟಲು ಕಷ್ಟ.

ನಡುವಿನ ಮೆಟ್ಟಿಲಲ್ಲಿ ಒಲಿಂಪಸ್ ಇ-ಎಂ1 ಮಾರ್ಕ್ 2, ನಿಕಾನ್ ಝಡ್50 II, ಕ್ಯಾನನ್ ಆರ್7. ಒಲಿಂಪಸ್‌ನ ಪ್ರೋ ಕ್ಯಾಪ್ಚರ್ 2016ರಲ್ಲಿ ಬಂದಾಗಲೇ ಒತ್ತುವ ಮುಂಚಿನ 14 ಫ್ರೇಮ್ ಕೊಡುತ್ತಿತ್ತು. ಅದರ ಉದ್ದ ಲೆನ್ಸ್‌ಗಳು ಹಗುರ, ಇಡೀ ದಿನ ಕೆರೆ ಸುತ್ತುವವರಿಗೆ ಇದು ಸಣ್ಣ ಮಾತಲ್ಲ. ನಿಕಾನ್ ಒಂದು ಸೆಕೆಂಡಿನ ತನಕ ಹಿಂದೆ ಹೋಗುತ್ತದೆ, ಆದರೆ ಜೆಪೆಗ್ (ಕ್ಯಾಮೆರಾವೇ ಸಿದ್ಧಮಾಡಿ ಕೊಡುವ ಫೋಟೋ ಫೈಲ್) ಮಾತ್ರ. ಕ್ಯಾನನ್ ಆರ್7 ಅರ್ಧ ಸೆಕೆಂಡು ಹಿಂದೆ ಹೋಗುತ್ತದೆ, ಆಮೇಲೆ ಕಂಪ್ಯೂಟರ್‌ನಲ್ಲಿ ತಿದ್ದಿಕೊಳ್ಳುವ ರಾ ಫೈಲ್ ಕೊಡುತ್ತದೆ. ಅದರ ಸೆನ್ಸರ್ ಮೇಲಿನಿಂದ ಕೆಳಗೆ ನಿಧಾನವಾಗಿ ಓದುವುದರಿಂದ ಜೋರಾಗಿ ಬಡಿಯುವ ರೆಕ್ಕೆ ಬಾಗಿದಂತೆ ಬರಬಹುದು. ಫೈಲ್ ತಿದ್ದುವ ಅಭ್ಯಾಸ ಇಲ್ಲದವರಿಗೆ ನಿಕಾನ್, ಇರುವವರಿಗೆ ಕ್ಯಾನನ್ ಎಂದು ನಾನು ಹೇಳುತ್ತೇನೆ.

ಮೇಲಿನ ಮೆಟ್ಟಿಲು ಸೋನಿ ಎ9 III. ಇಡೀ ಸೆನ್ಸರನ್ನು ಒಂದೇ ಏಟಿಗೆ ಓದುತ್ತದೆ, ರೆಕ್ಕೆ ಬಾಗುವುದಿಲ್ಲ, ಸೆಕೆಂಡಿಗೆ 120 ಫೋಟೋ. ಬೆಲೆ ಹಲವು ಲಕ್ಷ. ಫೋಟೋದಿಂದ ಸಂಪಾದನೆ ಇಲ್ಲದವರಿಗೆ ಬೇಡ.

ಈ ಗುಂಪಿನ ನಿಜವಾದ ಬೆಲೆ ಕ್ಯಾಮೆರಾ ಒಂದರದ್ದೇ ಅಲ್ಲ. ಒಂದು ಹಕ್ಕಿಗೆ ಸುಮ್ನೆ ನೂರಾರು ಫೋಟೋ ಬರುತ್ತವೆ. ಬೇಗ ಬರೆಯುವ ಕಾರ್ಡ್ ಬೇಕು, ಜಾಸ್ತಿ ಬ್ಯಾಟರಿ ಬೇಕು, ರಾತ್ರಿ ಕೂತು ಆರಿಸಲು ಸಮಯ ಬೇಕು. ಆ ಸಮಯ ಇಲ್ಲದವರು ಡಿ500 ಹಿಡಿದು ಹಕ್ಕಿಯ ನಡತೆ ಕಲಿಯುವುದು ಒಳ್ಳೆಯದು. ಎಷ್ಟೋ ಹಕ್ಕಿಗಳು ಹಾರುವ ಮುಂಚೆ ಮೈ ತಗ್ಗಿಸುತ್ತವೆ, ಹಿಕ್ಕೆ ಹಾಕುತ್ತವೆ, ಗಾಳಿ ಬರುವ ಕಡೆ ಮುಖ ತಿರುಗಿಸುತ್ತವೆ. ಅದನ್ನು ನೋಡಿ ಒತ್ತಲು ಕಲಿತವರಿಗೆ 0.2 ಸೆಕೆಂಡಿನ ತಡ ಅಡ್ಡ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಯಾವ ಗುಂಪಿನದನ್ನೇ ಆರಿಸಿದರೂ ಅಂಗಡಿಗೆ ನಿಮ್ಮ ಕಾರ್ಡ್ ತೆಗೆದುಕೊಂಡು ಹೋಗಿ. ಮೇಲೆ ಹೇಳಿದ ಸ್ಟಾಪ್‌ವಾಚ್ ಪರೀಕ್ಷೆಯನ್ನು ಕೌಂಟರ್ ಮುಂದೆಯೇ ಮಾಡಿ, ಎರಡೂ ರೀತಿಯಲ್ಲಿ. ಅರ್ಧ ಒತ್ತಿದಾಗ ಬಟನ್ ಎಲ್ಲಿ ನಿಲ್ಲುತ್ತದೆ ಎಂದು ಬೆರಳಿಗೆ ಸರಿಯಾಗಿ ಗೊತ್ತಾಗಬೇಕು. ಬಹಳ ಬಳಸಿದ ಕ್ಯಾಮೆರಾಗಳಲ್ಲಿ ಆ ಮೆಟ್ಟಿಲು ಸವೆದಿರುತ್ತದೆ, ಹಾಗಿದ್ದರೆ ಬೇಡ ಎನ್ನಿ. ಶಟರ್ ಕೌಂಟ್, ಅಂದರೆ ಈವರೆಗೆ ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಡಿ3500 ಶಟರ್ 1 ಲಕ್ಷ ಸಲಕ್ಕೆ, ಡಿ500 ಮತ್ತು 7ಡಿ ಮಾರ್ಕ್ 2 ಶಟರ್‌ಗಳು 2 ಲಕ್ಷ ಸಲಕ್ಕೆ ಪರೀಕ್ಷೆಯಾದವು. ಲೆನ್ಸನ್ನು ಹತ್ತಿರದ ವಸ್ತುವಿಗೊಮ್ಮೆ, ಬೀದಿಯ ಆಚೆಗೊಮ್ಮೆ ಫೋಕಸ್ ಮಾಡಿಸಿ ನೋಡಿ. ತಡವರಿಸಿದರೆ, ಕರಕರ ಸದ್ದು ಬಂದರೆ ಬೇರೆ ಲೆನ್ಸ್ ಕೇಳಿ. ಅಂಗಡಿಯ ದೀಪದ ಕೆಳಗೆ ಒಂದು ಸಲ, ಹೊರಗಿನ ಬೆಳಕಿನಲ್ಲಿ ಒಂದು ಸಲ ತೆಗೆದು, ಕಾರ್ಡನ್ನು ಮನೆಗೆ ತಂದು ದೊಡ್ಡ ಪರದೆಯಲ್ಲಿ ನೋಡಿದ ಮೇಲೆ ದುಡ್ಡು ಕೊಡಿ.